ಬಿಬ್ಬು, ಪ್ಯಾಂಟು ಮತ್ತು ನನ್ನ ಲಾಡಿ

ಹೆದರುವವರನ್ನೇ ಹುಡುಕಿಕೊಂಡು ಬರುವ ಪ್ರಸಂಗಗಳು ಕೆಲವು ಇರುತ್ತವೆ. ನನ್ನ ಮನೆಯ ವಿಳಾಸ ಅವಕ್ಕೆ ಬಾಯಿಪಾಠ. ನಾನು ಕಮಲಾಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಕೊರಳಲ್ಲಿ ಸೀಟಿ ತೂಗಾಡುವುದರಿಂದ ಜನ ನನ್ನನ್ನು ಧೈರ್ಯಸ್ಥೆ ಎಂದುಕೊಂಡಿದ್ದಾರೆ. ನಾನೋ ಹಲ್ಲಿಗೆ ಹೆದರುತ್ತೇನೆ, ಲಿಫ್ಟಿಗೆ ಹೆದರುತ್ತೇನೆ. ಕಲಬುರಗಿ ಪಕ್ಕದ ಕುಸನೂರಿನ ನಮ್ಮ ಓಣಿಯ ತಿರುವಿನಲ್ಲಿ ಮಲಗುವ ನಾಯಿಗೆ ಹೆದರಿ ದಿನಾ ಸುತ್ತುಹಾಕಿಕೊಂಡು ಹೋಗಿ ಬಸ್ ಹಿಡಿಯುತ್ತೇನೆ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಏಳನೇ ಕ್ಲಾಸಿನದು. ಓಟದ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿದ್ದೆ. ಇನ್ನೇನು ಹತ್ತು ಹೆಜ್ಜೆ ಇರುವಾಗ ಪೈಜಾಮದ ಲಾಡಿ ಬಿಚ್ಚಿಕೊಂಡಿತು. ಇಡೀ ಮೈದಾನ ನೋಡಿತು. ಓಟ ಬಿಟ್ಟು, ಎರಡೂ ಕೈಯಲ್ಲಿ ಪೈಜಾಮ ಹಿಡಿದುಕೊಂಡು ಮನೆಗೆ ಹೋದೆ. ಅಂದಿನಿಂದ ಸೊಂಟಕ್ಕೆ ಏನೇ ಕಟ್ಟಿದರೂ ಮೂರು ಗಂಟು ಹಾಕುತ್ತೇನೆ.

1. ಅಷ್ಟ

ಒಂದು ದಿನ ಹೆಡ್ ಮೇಡಂ ಕರೆಸಿ ಒಂದು ಕಾಗದ ಕೊಟ್ಟರು. ಹೆಣ್ಣುಮಕ್ಕಳ ಶಾಲೆಗಳ ಪಿ.ಟಿ. ಟೀಚರುಗಳಿಗೆ ಹಿಮಾಲಯದಲ್ಲಿ ಹಿಮದ ಮೇಲೆ ಜಾರುವ ಸ್ಕೀಯಿಂಗ್ ಶಿಬಿರ. ನನ್ನ ಹೆಸರನ್ನು ಅವರು ಆಗಲೇ ಬರೆದು ಕಳಿಸಿಬಿಟ್ಟಿದ್ದರು.

"ತಾಲೂಕಿನಾಗ ನಿಮ್ಮಷ್ಟು ಗಟ್ಟಿ ಯಾರದಾರ್ರೀ?" ಎಂದರು.

ಆಗಲ್ಲ ಅನ್ನಬೇಕೆಂದೇ ಬಾಯಿ ತೆರೆದೆ. ಆದರೆ ಹಿಮಕ್ಕಿಂತ ಹೆಡ್ ಮೇಡಮ್ಮಿನ ಭಯ ಹೆಚ್ಚು. "ಹೂಂ ರೀ ಮೇಡಂ" ಎಂದುಬಿಟ್ಟೆ.

ಕಾಗದದ ಕೊನೆಗೆ ತರಬೇಕಾದ ಸಾಮಾನಿನ ಪಟ್ಟಿ ಇತ್ತು. ಅದರಲ್ಲಿ 'ಸ್ಕೀ ಬಿಬ್ ಅಥವಾ ಸ್ಕೀ ಪ್ಯಾಂಟ್, ಯಾವುದಾದರೂ ಒಂದು' ಎಂದಿತ್ತು. ಸಂಕ್ರಾಂತಿಗೂ ಫ್ಯಾನ್ ತಿರುಗುವ ಊರಿನವಳಿಗೆ ಇದೇನು ಗೊತ್ತು? ಇಂಗ್ಲಿಷ್ ಟೀಚರ್ ತನ್ನ ಫೋನಿನಲ್ಲಿ ಚಿತ್ರ ತೆಗೆದು ಪಾಠ ಮಾಡಿದಳು. ಪ್ಯಾಂಟು ಸೊಂಟಕ್ಕೆ ಮುಗಿಯುತ್ತದೆ. ಬಿದ್ದರೆ ಹಿಮ ಒಳಗೆ ಹೋಗುತ್ತದೆ. ಬಿಬ್ಬು ಎದೆಯ ತನಕ ಬಂದು ಭುಜಕ್ಕೆ ಪಟ್ಟಿಗಳಿಂದ ಸಿಕ್ಕಿಕೊಳ್ಳುತ್ತದೆ, ಬೆಚ್ಚಗಿರುತ್ತದೆ, ಜಾರುವುದಿಲ್ಲ. ಆದರೆ, ಎಂದು ದನಿ ಇಳಿಸಿದಳು, ಒಂದಕ್ಕೆ ಹೋಗಬೇಕಾದರೆ ಆ ಚಳಿಯಲ್ಲಿ ಜಾಕೆಟ್ ಕಳಚಬೇಕು, ಪಟ್ಟಿ ಬಿಚ್ಚಬೇಕು, ದೊಡ್ಡ ಕಾರ್ಯಕ್ರಮ.

"ಪ್ಯಾಂಟಿಗಿ ಆ ತ್ರಾಸ ಇಲ್ಲ ಬಿಡ್ರಿ," ಎಂದಳು. "ಬಿದ್ದಾಗ ಒಂಚೂರು ಜಾರಬಹುದು, ಅಷ್ಟ."

ಅಷ್ಟ ಅಂತೆ. ಏಳನೇ ಕ್ಲಾಸಿನ ಆ ಮೈದಾನದಲ್ಲಿ ಅವಳೇನು ಇದ್ದಳೇ?

2. ಎಷ್ಟ ತಿಂಗಳಿಗಿ

ಬಿಬ್ಬೇ ಸರಿ ಎಂದು ನಿರ್ಧರಿಸಿ ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಗೆ ಹೋದೆ. ಮೊದಲ ಅಂಗಡಿಯ ಚಾಚಾನಿಗೆ ಬಿಬ್ ಎಂದದ್ದು ಬೀಬಿ ಎಂದು ಕೇಳಿಸಿತು. ಯಾರ ಬೀಬಿಗೆ ಎಂದು ಕೇಳಿದ. ನನಗೇ ಎಂದೆ. ಪಾಪ, ಗೌರವದಿಂದ ಹತ್ತು ನೈಟಿ ಹರವಿದ. ಅಲ್ಲ ಚಾಚಾ, ಎದೆಯ ಮೇಲೆ ಬರಬೇಕು, ಹಿಂದೆ ಪಟ್ಟಿ ಇರಬೇಕು, ಒದ್ದೆ ಒಳಗೆ ಇಳಿಯಬಾರದು ಎಂದು ಬಿಡಿಸಿ ಹೇಳಿದೆ. ಅವನ ಮುಖ ಅರಳಿತು. ಎದುರಿನ ಅಂಗಡಿ ತೋರಿಸಿದ.

ಎದುರಿನದು ಕೂಸುಗಳ ಬಟ್ಟೆಯ ಅಂಗಡಿ. ಅಲ್ಲಿಯವನು ಬಾತುಕೋಳಿ ಚಿತ್ರದ ಒಂದು ಜೊಲ್ಲುಬಟ್ಟೆ ತೆಗೆದು ಕೊಟ್ಟ. ಇದು ಬರೀ ನಮೂನೆ ಇರಬೇಕು, ದೊಡ್ಡದು ಒಳಗಿರಬೇಕು ಎಂದುಕೊಂಡು ಎದೆಗೆ ಹಿಡಿದು ಕನ್ನಡಿಯಲ್ಲಿ ನೋಡಿಕೊಂಡೆ.

"ಎಷ್ಟ ತಿಂಗಳಿಗಿ ಬೇಕ್ರಿ ಅಕ್ಕಾರ?" ಎಂದು ಕೇಳಿದ.

ಕೂಸಿನ ವಯಸ್ಸು ಕೇಳುತ್ತಿದ್ದಾನೆ ಎಂದು ನನಗೇನು ಗೊತ್ತು? "ಮುಂದಿನ ತಿಂಗಳಿಗೇ ಬೇಕ್ರಿ. ನೆನೆಸ್ಕೊಂಡ್ರ ಕೈಕಾಲು ನಡಗ್ತಾವ," ಎಂದೆ.

ಹಿಂದೆ ಯಾರೋ ಉಸಿರೆಳೆದುಕೊಂಡಂತಾಯಿತು. ತಿರುಗಿ ನೋಡಿದರೆ ನಮ್ಮ ಶಾಲೆಯ ಅಡುಗೆಯ ಅಕ್ಕ. ನಾನು ಮಾತಾಡಿಸುವುದರೊಳಗೆ ಆಟೋ ಹತ್ತಿ ಹೋಗಿಯೇಬಿಟ್ಟಳು.

ಮರುದಿನ ಕಮಲಾಪುರದಲ್ಲಿ ಬಸ್ ಇಳಿದಾಗ ಸುದ್ದಿ ನನಗಿಂತ ಮೊದಲೇ ಇಳಿದಿತ್ತು. ಸ್ಟಾಫ್ ರೂಮಿನಲ್ಲಿ ಇಬ್ಬರು ಎದ್ದು ಕುರ್ಚಿ ಕೊಟ್ಟರು. ಮೇಜಿನ ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು ನನಗಾಗಿ ಕಾಯುತ್ತಿತ್ತು. ಹೆಡ್ ಮೇಡಂ ಬಂದು, ನಲವತ್ತಾರನೇ ವಯಸ್ಸಿನಲ್ಲಿ ಇದೇನೆಂದು ತಾವು ಕೇಳುವುದಿಲ್ಲ, ಆದರೆ ಇಂಥ ಸ್ಥಿತಿಯಲ್ಲಿ ಹಿಮಕ್ಕೆ ಕಳಿಸುವುದೂ ಇಲ್ಲ ಎಂದರು.

ಶಿಬಿರ ತಪ್ಪಿಸಿಕೊಳ್ಳಲು ದೇವರೇ ತೆರೆದ ಬಾಗಿಲು. ಹೌದು ಎಂದುಬಿಡಲೇ ಎಂದು ಬಾಳೆಹಣ್ಣು ಸುಲಿಯುತ್ತ ಯೋಚಿಸಿದೆ. ಆದರೆ ಮುಂದಿನ ತಿಂಗಳು ಎಲ್ಲರೂ ಕೂಸು ನೋಡಲು ಮನೆಗೆ ಬಂದರೆ ಏನು ತೋರಿಸುವುದು? ಅದಕ್ಕಿಂತ ಹಿಮವೇ ವಾಸಿ ಎನಿಸಿ ನಿಜ ಹೇಳಿದೆ. ಬಾಳೆಹಣ್ಣು ಮಾತ್ರ ವಾಪಸ್ ಕೊಡಲಿಲ್ಲ.

3. ಪರೀಕ್ಷೆ

ಕೊನೆಗೆ ಇಂಗ್ಲಿಷ್ ಟೀಚರೇ ಫೋನಿನಲ್ಲಿ ಒಂದು ನಿಜವಾದ ಬಿಬ್ಬು ತರಿಸಿಕೊಟ್ಟಳು. ಬಣ್ಣ ಕಡುಕೆಂಪು, ಒಳಗೆ ಇಬ್ಬರು ಇರಬಹುದು. ಭುಜದ ಪಟ್ಟಿಗಳಿಗೆ ಪ್ಲಾಸ್ಟಿಕ್ ಕೊಂಡಿ ಇದ್ದವು. ಮುಟ್ಟಿದರೆ ಟಕ್ಕೆಂದು ಬಿಚ್ಚುತ್ತಿದ್ದವು. ನನ್ನ ಎದೆಯೂ ಟಕ್ಕೆಂದಿತು.

ಇಪ್ಪತ್ತು ವರ್ಷದಿಂದ ನನ್ನ ಬ್ಲೌಸು ಹೊಲಿಯುವ ಟೇಲರಣ್ಣನ ಬಳಿ ಒಯ್ದೆ. ಆ ಕೊಂಡಿ ಕಿತ್ತುಹಾಕಿ ಭುಜದಿಂದ ಸೊಂಟದ ತನಕ ಗಟ್ಟಿಯಾದ ಲಾಡಿ ಹಾಕಿಕೊಡಿ ಎಂದೆ. ಅವನು ಬಿಬ್ಬನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಕ್ಕಾರ, ಅವಸರಕ್ಕ ಬಿಚ್ಚಬೇಕಾದ್ರ ಹ್ಯಾಂಗ?"

"ಬಿಚ್ಚೂ ಮಾತೇ ಬ್ಯಾಡಣ್ಣಾ," ಎಂದೆ.

ಮನೆಗೆ ತಂದು, ಅತ್ತೆಯವರು ಮಲಗಿರುವಾಗ ಹಾಕಿಕೊಂಡು ನೋಡಿದೆ. ಅವರಿಗೆ ಕಣ್ಣು ಮಂದ, ನಾಲಿಗೆ ಮಾತ್ರ ಚುರುಕು. ಸೊಸೆ ಪ್ಯಾಂಟು ತೊಟ್ಟದ್ದನ್ನು ನೋಡಿದರೆ ಎಂಬ ಹೆದರಿಕೆಯಲ್ಲಿ ಮೂರು ಗಂಟು ಬಿಗಿಯುವಷ್ಟರಲ್ಲಿ ಬೆವರು ಸುರಿಯುತ್ತಿತ್ತು. ಅಷ್ಟರಲ್ಲಿ ಅತ್ತೆಯವರು ಎದ್ದು ಬಂದು ಬಾಗಿಲಲ್ಲಿ ನಿಂತೇಬಿಟ್ಟರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಖಾಲಿ ಸಿಲಿಂಡರ್ ಅಡಗಿ ಮನ್ಯಾಗ ಅದ ನೋಡಪಾ," ಎಂದರು. "ಎತ್ಕೊಂಡು ಹೋಗು."

ಬಾಯಿ ಬಿಟ್ಟರೆ ಗುರುತು ಸಿಗುತ್ತದೆ. ತಲೆ ಬಗ್ಗಿಸಿಕೊಂಡು ಹೋಗಿ ಸಿಲಿಂಡರ್ ಎತ್ತಿ ಹೆಗಲಿಗಿಟ್ಟುಕೊಂಡು ಗೇಟಿನ ಹೊರಗೆ ಒಯ್ದಿಟ್ಟೆ. ಲಾಡಿ ಎಳ್ಳಷ್ಟೂ ಜಾರಲಿಲ್ಲ.

4. ಕೈಂಚಿ

ಶಿಬಿರದಲ್ಲಿ ಒಂಬತ್ತು ದಿನ ನಾನು ಕಲಿತದ್ದು ಬೀಳುವುದೊಂದೇ. ಉಳಿದವರು ನಿಂತು ಇಳಿದರೆ ನಾನು ಕೂತು ಇಳಿಯುತ್ತಿದ್ದೆ. ಬಿಬ್ಬು ಬಿಚ್ಚುವ ಫಜೀತಿ ನೆನೆದು ಹಗಲೆಲ್ಲ ನೀರನ್ನೇ ಮುಟ್ಟುತ್ತಿರಲಿಲ್ಲ.

ಹತ್ತನೇ ದಿನ ಪಂದ್ಯ. ಮೇಲೆ ಸಾಲು ಹಚ್ಚಿ ನಿಲ್ಲಿಸಿದ್ದರು. ಕೆಳಗೆ ನೋಡಿದರೆ ಮನುಷ್ಯರು ಇರುವೆಯಷ್ಟು ಕಾಣುತ್ತಿದ್ದರು. ನಡುಕ ನಿಲ್ಲಲಿ ಎಂದು ಯಾರೋ ಚಹಾ ಕೊಟ್ಟರು. ಹೆದರಿಕೆಯಲ್ಲಿ ಎಷ್ಟು ಕುಡಿದೆನೋ ಲೆಕ್ಕವಿಲ್ಲ. ಸರದಿ ಬರುವ ಹೊತ್ತಿಗೆ ಬೀಳುವ ಭಯ, ಸಾಯುವ ಭಯ ಎಲ್ಲ ಹೋಗಿ ಒಂದೇ ಒಂದು ಭಯ ಉಳಿದಿತ್ತು. ಆ ಬೆಟ್ಟಕ್ಕೆಲ್ಲ ಇದ್ದದ್ದು ಒಂದೇ ಸಂಡಾಸು. ಕೆಳಗೆ, ಪಂದ್ಯ ಮುಗಿಯುವ ಗೆರೆಯ ಆಚೆ, ನೀಲಿ ತಗಡಿನ ಬಾಗಿಲು.

ಸೀಟಿ ಊದಿದರು. ನಾನು ಅಕ್ಕಪಕ್ಕ ನೋಡಲಿಲ್ಲ, ಇಳಿಜಾರು ನೋಡಲಿಲ್ಲ. ನೀಲಿ ಬಾಗಿಲಿಗೆ ಕಣ್ಣು ನೆಟ್ಟು ನೆಟ್ಟಗೆ ಇಳಿದೆ. ಗೆರೆ ದಾಟಿದೆ, ತೀರ್ಪುಗಾರರನ್ನೂ ದಾಟಿದೆ, ಬಾಗಿಲ ಮುಂದಿನ ಹಿಮದ ಗುಡ್ಡೆಗೆ ಬಡಿದು ನಿಂತೆ. ಕಾಲಿನ ಹಲಗೆಗಳನ್ನು ಒದ್ದು ಒಳಗೆ ನುಗ್ಗಿದೆ.

ಲಾಡಿ ನೆನೆದು, ಹೆಪ್ಪುಗಟ್ಟಿ, ಮೂರು ಗಂಟೂ ಕಲ್ಲಾಗಿದ್ದವು. ಬೆರಳುಗಳು ನನ್ನವೇ ಅಲ್ಲ. ಅಳು ಬಂತು. ಹೊರಗಿನಿಂದ ತರಬೇತಿಯ ಮೇಡಂ ಬಾಗಿಲು ಬಡಿದು, ನಾನು ಮೊದಲ ಸ್ಥಾನ ಪಡೆದಿರುವುದಾಗಿ ಹಿಂದಿಯಲ್ಲಿ ಕೂಗತೊಡಗಿದರು. ಸೂಪರ್ ಮಾರ್ಕೆಟಿನಲ್ಲಿ ಕಲಿತ ನನ್ನ ಹಿಂದಿ ಆ ಹೊತ್ತಿಗೆ ಕೈಹಿಡಿಯಿತು.

"ಮೆಡಲ್ ಬಾದ್ ಮೇ," ಎಂದೆ. "ಪೈಲೇ ಕೈಂಚಿ ದೇವ್."

ಬಾಗಿಲ ಸಂದಿನಲ್ಲಿ ಕತ್ತರಿ ಬಂತು. ಮಾನ ಉಳಿಯಿತು. ಆದರೆ ಲಾಡಿ ಕತ್ತರಿಸಿದ ಮೇಲೆ ಆ ದೊಗಲೆ ಬಿಬ್ಬನ್ನು ಹಿಡಿಯಲು ಬೇರೆ ಏನೂ ಇರಲಿಲ್ಲ. ಪದಕ ಇಸಿದುಕೊಳ್ಳಲು ಎರಡೂ ಕೈಯಲ್ಲಿ ಅದನ್ನು ಅವುಚಿಕೊಂಡೇ ನಿಂತೆ, ಥೇಟ್ ಏಳನೇ ಕ್ಲಾಸಿನ ಹಾಗೆಯೇ. ಕೈ ಚಾಚಲಾಗದ್ದಕ್ಕೆ ಅವರೇ ಕೊರಳಿಗೆ ಹಾಕಿದರು. ಕಣ್ಣಲ್ಲಿ ನೀರು ಬಂತು. ಈ ಸಲ ಓಟ ಮುಗಿಸಿದ್ದೆ.

ಆ ಫೋಟೋ ಈಗ ಶಾಲೆಯ ಗೋಡೆಯ ಮೇಲಿದೆ. ಎರಡೂ ಕೈ ಎದೆಗೆ ಅವುಚಿ ಎಷ್ಟು ವಿನಯದಿಂದ ನಿಂತಿದ್ದಾರೆ ನೋಡಿ ಎಂದು ಹೆಡ್ ಮೇಡಂ ಹುಡುಗಿಯರಿಗೆ ತೋರಿಸುತ್ತಾರೆ. ಇನ್ನೊಂದು ಪ್ರತಿಯನ್ನು ಧೈರ್ಯ ಮಾಡಿ ಮನೆಗೂ ಒಯ್ದು ಅತ್ತೆಯವರ ಕೈಗೆ ಕೊಟ್ಟೆ. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಚಲೋ ಆತು ಬಿಡು," ಎಂದರು. "ಅವತ್ತು ಸಿಲಿಂಡರ್ ಗೇಟಿನಾಗೇ ಬಿಟ್ಟು ಓಡಿಹೋದಾಂವ ಇವನೇ ನೋಡು. ಇಂಥವಗ ಪದಕ ಯಾರ ಕೊಟ್ರವ್ವಾ?"