ನಮ್ಮ ಪೋರ್ಚುಗೀಸ್ ಭಾವ

ನನ್ನ ಅಕ್ಕನನ್ನು ಒಬ್ಬ ಪೋರ್ಚುಗೀಸನಿಗೆ ಕೊಟ್ಟು ಮದುವೆ ಮಾಡಿದ್ದೆವು. ನಗಬೇಡಿ, ನಿಜ! ಹಣೆಯ ಮೇಲೆ ಗಂಧ, ಬೆಳಿಗ್ಗೆ ಗಂಜಿ ಉಪ್ಪಿನಕಾಯಿ, ಶನಿವಾರ ಸಂಜೆ ಮಾಟುಂಗದ ದೇವಸ್ಥಾನದಲ್ಲಿ ತಾಳ ಹಿಡಿದು ಭಜನೆ. ಇಂಥ ಪೋರ್ಚುಗೀಸನನ್ನು ಪೋರ್ಚುಗಲ್ಲಿನವರು ಕನಸಿನಲ್ಲೂ ಕಂಡಿರಲಿಕ್ಕಿಲ್ಲ. ಆದರೆ ಭಾವನನ್ನು ಕೇಳಿದರೆ ಮುಗಿಯಿತು. "ನಾನು ಈ ದೇಶದವನಲ್ಲ ಮಾರಾಯ, ದಾಖಲೆ ಇದೆ" ಎಂದು ಮಂಚದ ಕೆಳಗಿನ ಟ್ರಂಕಿನ ಕಡೆಗೆ ಕೈ ತೋರಿಸುತ್ತಿದ್ದರು. ಅಕ್ಕ ಒಳಗಿನಿಂದ, "ಈ ದೇಶದವರಲ್ಲದಿದ್ದರೂ ಈ ದೇಶದ ರೇಷನ್ ಅಂಗಡಿಗೆ ಹೋಗಿ ಅಕ್ಕಿ ತನ್ನಿ" ಎಂದು ಚೀಲ ಎಸೆಯುತ್ತಿದ್ದಳು.

ಇದಕ್ಕೆಲ್ಲ ಕಾರಣ ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಎಂಬ ನಮ್ಮವರ ಕ್ರಮ. ಭಾವನ ಅಪ್ಪ ಕಾರವಾರದವರು. ಅಮ್ಮನ ತವರು ಮಾಜಾಳಿಯ ಗಡಿಯಾಚೆ, ಕಾಣಕೋಣದ ಹತ್ತಿರದ ಒಂದು ಹಳ್ಳಿ. ಗಡಿಯೆಂದರೆ ಆಗ ಯಾರ ತಲೆಯಲ್ಲೂ ಇರಲಿಲ್ಲ. ಬೆಳಿಗ್ಗೆ ಗಾಡಿ ಕಟ್ಟಿದರೆ ರಾತ್ರಿಯ ಊಟಕ್ಕೆ ಬೀಗರ ಮನೆ. ಬಸುರಿಯನ್ನು ತವರಿಗೆ ಕರೆದೊಯ್ದರು, ಭಾವ ಹುಟ್ಟಿದರು, ಆ ಊರು ಪೋರ್ಚುಗೀಸರ ಗೋವೆಯಲ್ಲಿತ್ತು. ಬಾಣಂತಿ ಜ್ವರ ಬಂದು ತಾಯಿ ಉಳಿಯಲಿಲ್ಲ. ತಾಯಿಯ ತಾಯಿ, ಎಂದರೆ ಅಜ್ಜಿ, ಮಗುವನ್ನು ಮಡಿಲಿಗೆ ಹಾಕಿಕೊಂಡು ಶಾಲೆಗೆ ಸೇರಿಸುವ ವಯಸ್ಸಿನ ತನಕ ಸಾಕಿದಳು. ಆಮೇಲೆ ಅಪ್ಪ ಬಂದು ಕಾರವಾರಕ್ಕೆ ಕರೆತಂದರು. ಅಲ್ಲಿ ಓದು, ನಂತರ ಮುಂಬಯಿ, ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತಿಕೆ, ಮಾಟುಂಗದ ಚಾಳಿನಲ್ಲಿ ಒಂದೇ ಕೋಣೆಯ ಖೋಲಿ. ಅದೇ ಖೋಲಿಯ ಬಾಗಿಲ ಬಳಿ ಚಾಪೆ ಹಾಸಿಕೊಂಡ ನಾನು, ಕುಮಟೆಯಲ್ಲಿ ಹೈಸ್ಕೂಲು ಮುಗಿಸಿ ಕೆಲಸ ಹುಡುಕಿಕೊಂಡು ಬಂದ ಭಾವಮೈದುನ.

ಟ್ರಂಕಿನಲ್ಲಿದ್ದ ದಾಖಲೆಯೆಂದರೆ ಭಾವನ ಜನನ ಪತ್ರ. ದಪ್ಪ ಕಾಗದ, ಮೇಲೆ ಮುದ್ರೆ, ಕೆಳಗೆ ಯಾರೋ ಪಾದ್ರಿಯಂಥವರ ಬಳ್ಳಿ ಬಳ್ಳಿ ಸಹಿ, ಮಧ್ಯೆ ಯಾರಿಗೂ ಬಾರದ ಪೋರ್ಚುಗೀಸ್ ಭಾಷೆ. ಭಾವನಿಗೂ ಬರುತ್ತಿರಲಿಲ್ಲ, ಆದರೂ ಗಟ್ಟಿಯಾಗಿ ಓದುತ್ತಿದ್ದರು! ಆ ಕಾಲದಲ್ಲಿ ಹುಟ್ಟಿದ್ದಕ್ಕೆ ಕಾಗದ ಯಾರ ಬಳಿ ಇತ್ತು ಹೇಳಿ? ನಾನು ಹುಟ್ಟಿದ ದಿನವನ್ನು ಶಾಲೆಯ ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡಿದ್ದರು. ನಮ್ಮ ತರಗತಿಯ ಅರ್ಧಕ್ಕರ್ಧ ಮಕ್ಕಳು ಅದೇ ದಿನ ಹುಟ್ಟಿದವರು.

"ತಮಾ, ನೀನು ಹುಟ್ಟಿದ್ದಕ್ಕೆ ಏನು ಪುರಾವೆ?" ಎಂದು ಭಾವ ಆಗಾಗ ಕೇಳುತ್ತಿದ್ದರು.

"ಎದುರಿಗೆ ನಿಂತಿದ್ದೇನಲ್ಲ ಭಾವ!"

"ಅದು ಪುರಾವೆಯಲ್ಲ. ಅದು ವದಂತಿ."

ಮುಂಬಯಿಯಲ್ಲಿ ಆಗ ಪಾನನಿಷೇಧ ಇತ್ತು. ಪರದೇಶದವರಿಗೆ ಮಾತ್ರ ಕುಡಿಯಲು ಪರ್ಮಿಟ್ ಸಿಗುತ್ತದೆಂಬ ಸಂಗತಿ ಪಕ್ಕದ ಖೋಲಿಯ ಬೆಳಗಾವಿಯ ಬಟ್ಟೆ ವ್ಯಾಪಾರಿಗಳ ಕಿವಿಗೆ ಬಿತ್ತು. ಅಂದಿನಿಂದ ಭಾವನಿಗೆ ಅವರು ಕೊಟ್ಟ ಮರ್ಯಾದೆ ಅಳಿಯನಿಗೂ ಸಿಗದು.

"ಸಾಹೇಬ್ರ, ಒಂದ್ ಅರ್ಜಿ ಹಾಕ್ರಲಾ."

"ಛೆ, ನಾನು ಮುಟ್ಟುವವನಲ್ಲ."

"ನೀವ್ ಮುಟ್ಟಬ್ಯಾಡ್ರಿ! ಪರ್ಮಿಟ್ ಅಷ್ಟ ಮುಟ್ರಿ. ಉಳಿದದ್ದ ನಾವ್ ನೋಡ್ಕೋತೀವಿ."

ಭಾವ ಅರ್ಜಿಯ ನಮೂನೆಯನ್ನು ತರಿಸಿದರು. ಕುಡಿಯುವುದಕ್ಕಲ್ಲ, ಓದುವುದಕ್ಕೆ! ಭಾವನಿಗೆ ಸರಕಾರಿ ನಮೂನೆಯೆಂದರೆ ಬೇರೆಯವರಿಗೆ ಹೋಳಿಗೆ ಇದ್ದ ಹಾಗೆ. ಎರಡು ದಿನ ಮೇಲಿನಿಂದ ಕೆಳಗೆ ಚಪ್ಪರಿಸಿ ಓದಿ, "ಚೆನ್ನಾಗಿದೆ, ಆದರೆ ವಿಳಾಸಕ್ಕೆ ಜಾಗ ಸಾಲದು" ಎಂದು ವ್ಯಾಪಾರಿಗಳಿಗೆ ಮರಳಿಸಿದರು. ಪಾಪ, ಅವರು ಅದನ್ನು ಹಿಡಿದುಕೊಂಡು ಗ್ಯಾಲರಿಯಲ್ಲಿ ಬಹಳ ಹೊತ್ತು ನಿಂತಿದ್ದರು.

ಇಡೀ ಚಾಳಿನ ಅರ್ಜಿಗಳೆಲ್ಲ ಭಾವನ ಕೈ ದಾಟಿಯೇ ಹೊರಗೆ ಹೋಗಬೇಕು. ಕೆಳಗಿನ ಉಡುಪಿ ಹೋಟೆಲಿನ ಮಾಲೀಕರು ಸಕ್ಕರೆಯ ಕೋಟಾಕ್ಕೆ ಬರೆದ ಅರ್ಜಿಯನ್ನು ತಿದ್ದಿ ತಿದ್ದಿ, ಕೊನೆಗೆ ಅದರಲ್ಲಿ ಸಕ್ಕರೆಯ ಮಾತೇ ಇಲ್ಲದ ಹಾಗೆ ಮಾಡಿದ್ದರು. ಆದರೆ ಎಂಥ ಅಕ್ಷರ, ಎಂಥ ಅಂಚು! ಒಂದು ಮಸಿಯ ಚುಕ್ಕೆ ಬಿದ್ದರೂ ಹಾಳೆ ಹರಿದು ಹೊಸದಾಗಿ ಬರೆಯುವ ಪೈಕಿ.

ನನ್ನ ಗ್ರಹಚಾರಕ್ಕೆ ಪರೇಲಿನ ಒಂದು ಮಿಲ್ಲಿನಲ್ಲಿ ಕಾರಕೂನನ ಜಾಗ ಖಾಲಿಯಾಯಿತು. ಅರ್ಜಿ ಬರೆದು ಭಾವನಿಗೆ ತೋರಿಸಿದೆ. "ಅಂಚು ಕಡಿಮೆಯಾಯಿತು" ಎಂದರು. ಮತ್ತೆ ಬರೆದೆ. "ಅಂಚು ಹೆಚ್ಚಾಯಿತು." ಮತ್ತೆ ಬರೆದೆ. "ಈಗ ಅಂಚು ಸರಿ ಇದೆ, ನೀನೇ ಸ್ವಲ್ಪ ಓರೆಯಾಗಿದ್ದೀಯ." ಅದು ಸರಿಯಾಗಿ, ಭಾವ ತಲೆದೂಗಿ, ನಾನು ಓಡೋಡಿ ಪರೇಲಿಗೆ ಮುಟ್ಟುವಷ್ಟರಲ್ಲಿ ಕೊನೆಯ ದಿನ ಕಳೆದುಹೋಗಿತ್ತು. ಗೇಟು ಕಾಯುತ್ತಿದ್ದ ಪೈಲವಾನ ಅರ್ಜಿಯನ್ನು ನೋಡಿ, "ವಾಹ್, ಕ್ಯಾ ಲಿಖಾವಟ್ ಹೈ!" ಎಂದು ಅಕ್ಷರವನ್ನು ಹೊಗಳಿ ವಾಪಸು ಕೊಟ್ಟ. ನಾನು ಭಾವನಿಗೆ ಏನೂ ಹೇಳಲಿಲ್ಲ. ಅನ್ನ ಹಾಕುವವರಿಗೆ ಏನು ಹೇಳುವುದು? ಒಳಗೊಳಗೇ ಕುದಿಯುತ್ತಿದ್ದೆ. ಈ ಕುದಿಯುವಿಕೆಯನ್ನು ನೀವು ನೆನಪಿಟ್ಟುಕೊಳ್ಳಿ. ನಾನಂತೂ ಮರೆತಿಲ್ಲ.

ಅದೇ ದಿನಗಳಲ್ಲಿ, ಗೋವೆ ವಿಮೋಚನೆಯ ಗಲಾಟೆಯಲ್ಲಿ, ಗಡಿ ಮುಚ್ಚಿತು. ಪ್ರತಿ ಬೇಸಗೆಯಲ್ಲೂ ಭಾವ ಅಜ್ಜಿಯ ಊರಿಗೆ ಹೋಗಿ ಹಲಸಿನ ಹಪ್ಪಳದ ಕಟ್ಟು ಹೊತ್ತು ಬರುತ್ತಿದ್ದರು. ಆ ಬೇಸಗೆ ಹಪ್ಪಳವಿಲ್ಲ. ಅಜ್ಜಿಯ ಕಣ್ಣು ಮಂಜಾಗಿದೆ, ಮೊಮ್ಮಗನ ದಾರಿ ನೋಡುತ್ತಾಳೆ ಎಂದು ಆ ಕಡೆಯಿಂದ ಬಂದ ಯಾರೋ ಹೇಳಿ ಹೋದರು. ಶನಿವಾರವಾದರೂ ಭಾವ ಅಂದು ಭಜನೆಗೆ ಹೋಗಲಿಲ್ಲ. ಆದರೆ ಮಾರನೆಯ ದಿನವೇ ಅವರ ಮುಖ ಅರಳಿತ್ತು. ಆ ಕಡೆಯವರು ಫೋರ್ಟಿನಲ್ಲಿರುವ ಪರದೇಶದವರ ಕಚೇರಿಯಲ್ಲಿ ಹೆಸರು ಬರೆಸಿದರೆ, ತಮ್ಮ ಊರಿಗೆ ಹೋಗಿಬರಲು ಪರವಾನಗಿ ಕೊಡುತ್ತಾರಂತೆ!

"ನೋಡಿದೆಯಾ? ಇಷ್ಟು ದಿನ ನಗುತ್ತಿದ್ದೆಯಲ್ಲ! ಇಡೀ ಚಾಳಿನಲ್ಲಿ ಅಜ್ಜಿಯನ್ನು ನೋಡಲು ಹೋಗಬಲ್ಲವನು ಪೋರ್ಚುಗೀಸನಾದ ನಾನೊಬ್ಬನೇ."

"ಅದು ನಿಮ್ಮ ಅಜ್ಜಿ ಭಾವ, ಬೇರೆಯವರು ಯಾಕೆ ಹೋಗುತ್ತಾರೆ?" ಎಂದೆ.

ಫೋರ್ಟಿಗೆ ಹೊರಟಾಗ ಜೊತೆಗೆ ನನ್ನನ್ನೂ ಕರೆದುಕೊಂಡರು. ಬೋರಿಬಂದರಿನಲ್ಲಿ ಇಳಿಯುವಾಗ ನನ್ನ ಭುಜ ಹಿಡಿದು ತಗ್ಗಿದ ದನಿಯಲ್ಲಿ ಹೇಳಿದರು, "ತಮಾ, ನನ್ನ ಅಪ್ಪನ ವಿಷಯ ಮಾತ್ರ ಎತ್ತಬೇಡ. ಅಪ್ಪ ಕಾರವಾರದವನೆಂದು ಗೊತ್ತಾದರೆ ಕೆಲಸ ಕೆಡುತ್ತದೆ."

"ಆಗಲಿ" ಎಂದೆ.

ಅಧಿಕಾರಿ ಮರಾಠಿಯವರು, ಸಾಧು ಮನುಷ್ಯ. ಭಾವನ ಅರ್ಜಿಯನ್ನು ಬೆಳಕಿಗೆ ಹಿಡಿದು ಅಕ್ಷರಗಳನ್ನು ಮೆಚ್ಚಿ ನೋಡಿದರು. ನೋಡುತ್ತಾ ನೋಡುತ್ತಾ ಒಂದು ಕಡೆ ಅವರ ಬೆರಳು ನಿಂತಿತು. ತಂದೆ ಹುಟ್ಟಿದ ಸ್ಥಳ ಎಂಬಲ್ಲಿ ನೇರಳೆ ಹಣ್ಣಿನಷ್ಟು ದೊಡ್ಡ ಮಸಿಯ ಕಲೆ!

"ಇದೇನು?"

"ಲೇಖಣಿ ಸೋರಿತು ಸಾಹೇಬ್."

ಭಾವನ ಲೇಖಣಿ ಸೋರುವುದೇ? ಸೂರ್ಯ ಅರಬ್ಬಿ ಸಮುದ್ರದ ಕಡೆಯಿಂದ ಹುಟ್ಟಿದ ಎಂದರೂ ನಂಬಿಯೇನು.

"ಇರಲಿ, ಬಾಯಲ್ಲೇ ಹೇಳಿ. ತಂದೆ ಹುಟ್ಟಿದ್ದು ಎಲ್ಲಿ?"

ಭಾವ ಕೆಮ್ಮಿದರು. ಆ ಕೆಮ್ಮು ನನಗಾಗಿ ಕೆಮ್ಮಿದ್ದೆಂದು ನನಗೆ ಗೊತ್ತಿತ್ತು. ಅದೇ ಗಳಿಗೆಗೆ ಪರೇಲಿನ ಗೇಟು, ಆ ಪೈಲವಾನ, ಅಂಚು ಸರಿಯಿದ್ದ ನನ್ನ ಅರ್ಜಿ, ಎಲ್ಲ ಕಣ್ಣೆದುರು ಬಂದು ನಿಂತವು.

"ಕಾರವಾರ, ಸಾಹೇಬ್!" ಎಂದೆ ಗಟ್ಟಿಯಾಗಿ. "ಕಾರವಾರದ ಪೇಟೆಯಲ್ಲೇ! ಅವರ ತಾತನೂ ಅಲ್ಲಿಯವರೇ!"

ಅಧಿಕಾರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. "ಅರೇ, ಹಾಗಾದರೆ ನೀವು ನಮ್ಮವರೇ! ತಂದೆ ಇಲ್ಲಿಯವರು, ಓದು ಇಲ್ಲಿ, ಸಂಸಾರ ಇಲ್ಲಿ. ಸಂವಿಧಾನ ಬಂದ ದಿನದಿಂದಲೇ ನೀವು ಭಾರತದ ನಾಗರಿಕರು. ಹೆಸರು ಬರೆಸುವ ಕೆಲಸವೇ ಇಲ್ಲ, ಆರಾಮಾಗಿ ಮನೆಗೆ ಹೋಗಿ."

"ಮತ್ತೆ... ಆ ಕಡೆ ಹೋಗಲು ಪರವಾನಗಿ?"

"ಅದು ಆ ಕಡೆಯವರಿಗೆ. ನೀವು ಈ ಕಡೆಯವರಲ್ಲವೇ!"

ಇಷ್ಟು ಒಳ್ಳೆಯ ಸುದ್ದಿಯನ್ನು ಇಷ್ಟು ಸಪ್ಪೆ ಮುಖದಿಂದ ಕೇಳಿದವರು ಆ ಕಚೇರಿಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಬರುವಾಗ ಲೋಕಲ್ ರೈಲಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಭೈಕಳಾ ದಾಟಿದ ಮೇಲೆ, ಯಾರದೋ ಕಂಕುಳಿನ ಕೆಳಗಿನಿಂದ ಭಾವನ ದನಿ ಬಂತು: "ಪರದೇಶದವನಾಗಿದ್ದಾಗಲೂ ಕೂರಲು ಜಾಗ ಸಿಗಲಿಲ್ಲ ತಮಾ, ಈಗಲೂ ಸಿಗಲಿಲ್ಲ." ನನ್ನನ್ನು ಬೈದದ್ದು ಅಷ್ಟೇ.

ಗಟ್ಟಿಯಾಗಿ ಬೈದಿದ್ದರೆ ಚೆನ್ನಾಗಿತ್ತು. ಆಮೇಲಿನ ದಿನಗಳಲ್ಲಿ ಚಾಳಿನವರು ಅರ್ಜಿ ತಂದರೆ, ಭಾವ ನೋಡದೆಯೇ "ಸರಿ ಇದೆ" ಎಂದು ಕೊಟ್ಟುಬಿಡುತ್ತಿದ್ದರು. ಜನ ಹೆದರಿಬಿಟ್ಟರು! ಹೋಟೆಲಿನ ಮಾಲೀಕರು ನನ್ನನ್ನು ಬದಿಗೆ ಕರೆದು, "ನಿಮ್ಮ ಭಾವನಿಗೆ ಎಂತ ಆಗಿದೆ ಮಾರಾಯ್ರೆ? ಡಾಕ್ಟರಿಗೆ ತೋರಿಸಿದ್ದೀರೋ ಇಲ್ವೋ?" ಎಂದು ಕೇಳಿದರು. ವ್ಯಾಪಾರಿಗಳಂತೂ ಪರ್ಮಿಟಿನ ಆಸೆ ಬತ್ತಿದರೂ ಬಂದು ಕೂತು, "ಒಂದ್ ತಪ್ಪರ ಹಿಡೀರಿ ಸಾಹೇಬ್ರ, ಸುಮ್ನ ಕುಂದ್ರಬ್ಯಾಡ್ರಿ" ಎಂದು ಅಂಗಲಾಚಿದರು.

ದಾರಿ ತೋರಿಸಿದವಳು ಅಕ್ಕ. ಅವಳಿಗೆ ಆಗ ತಿಂಗಳು ತುಂಬುತ್ತಾ ಬಂದಿತ್ತು. ನಮಗೆ ಅಮ್ಮನಿಲ್ಲ, ಆದ್ದರಿಂದ ಅಕ್ಕನಿಗೆ ಹೋಗಲು ತವರಿಲ್ಲ. ಒಂದು ದಿನ ಅನ್ನ ಬಡಿಸುತ್ತಾ ಹೇಳಿದಳು, "ನೀವು ಅಲ್ಲಿಗೆ ಹೋಗುವ ಹಾಗಿಲ್ಲ ಸರಿ. ಅಜ್ಜಿ ಇಲ್ಲಿಗೆ ಬರಬಾರದು ಅಂತ ಯಾರು ಹೇಳಿದ್ದು? ನನಗೆ ಬಾಣಂತನ ಮಾಡುವವರು ಬೇಡವೇ?"

ಭಾವ ಕಲಸಿದ ಅನ್ನ ಬಿಟ್ಟು ಎದ್ದರು.

ಮತ್ತೆ ಫೋರ್ಟು, ಮತ್ತೆ ಅದೇ ಅಧಿಕಾರಿ. ಅವರು ಕೇಳಿ ತಲೆಯಾಡಿಸಿದರು. "ಬರಬಹುದು. ಆದರೆ ಆಕೆ ಇಲ್ಲಿಗೆ ಪರದೇಶದವಳು. ಊಟ, ವಸತಿ, ಔಷಧ ಎಲ್ಲ ನೋಡಿಕೊಳ್ಳುತ್ತೇನೆಂದು ಬರೆದುಕೊಡುವ ಭಾರತೀಯ ಸಂಬಂಧಿಕರು ಬೇಕು. ಯಾರಾದರೂ ಇದ್ದಾರೆಯೇ?"

ಭಾವ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡರು. "ನಾನಿದ್ದೇನೆ."

"ನೀವು ಭಾರತೀಯರೆಂಬುದಕ್ಕೆ ಪುರಾವೆ?"

"ತಾವೇ ಹೇಳಿದಿರಲ್ಲ ಸಾಹೇಬ್! ನಾನು ಬೇಡವೆಂದರೂ ಕೇಳಲಿಲ್ಲ!"

ಅಧಿಕಾರಿ ಮೇಜು ತಟ್ಟಿ ನಕ್ಕರು. "ತಂದೆ ಹುಟ್ಟಿದ ಸ್ಥಳ ಹೇಳಿ, ಬರೆದುಕೊಳ್ಳುತ್ತೇನೆ" ಎಂದರು. ಭಾವ ನನ್ನ ಕಡೆ ತಿರುಗಿ, "ಈಗ ಬಾಯಿ ಬಿಡು ತಮಾ" ಎಂದರು.

ಅಜ್ಜಿ ಬರುವ ಉದ್ದೇಶ ಎಂಬಲ್ಲಿ ಭಾವ ದುಂಡಗೆ ಬರೆದರು: ಬಾಣಂತನ. ಆ ಪರವಾನಗಿಯ ಅವಧಿ ಮುಗಿದಾಗಲೆಲ್ಲ ಭಾವ ಅಜ್ಜಿಯನ್ನು ಕರೆದುಕೊಂಡು ಹೋಗಿ ಮುಂದುವರಿಸಿಕೊಂಡು ಬರುತ್ತಿದ್ದರು. ಉದ್ದೇಶ ಮಾತ್ರ ಬದಲಾಗುತ್ತಿರಲಿಲ್ಲ. ಕೊನೆಕೊನೆಗೆ ಮಗು ತಾನೇ ನಡೆದುಕೊಂಡು ಕಚೇರಿಗೆ ಬಂದು, ಅಧಿಕಾರಿಯ ಮುದ್ರೆಯನ್ನು ಎತ್ತಿ ಬಾಯಿಗೆ ಹಾಕಿಕೊಂಡಿತ್ತು. "ಈ ಬಾಣಂತನ ಯಾವಾಗ ಮುಗಿಯುತ್ತದೆ ಹೋ?" ಎಂದರಂತೆ ಅವರು. ಭಾವ ಹೇಳಿದರಂತೆ, "ಮಗುವಿನದ್ದು ಮುಗಿಯಿತು ಸಾಹೇಬ್. ಈಗ ನನ್ನದು ನಡೆಯುತ್ತಿದೆ."

ಆದರೆ ನಾನು ಹೇಳಲು ಹೊರಟದ್ದು ಇದನ್ನಲ್ಲ. ಅಜ್ಜಿ ಬಂದ ಬೆಳಿಗ್ಗೆಯನ್ನು. ಕಾರವಾರದಿಂದ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ರೈಲು, ಜೊತೆಗೆ ಊರಿನ ಯಾರೋ. ದಾದರಿನಲ್ಲಿ ಇಳಿದಾಗ ನೋಡಿದರೆ, ಭಾವನ ಎದೆಯವರೆಗೂ ಬಾರದ ಪುಟ್ಟ ಜೀವ, ಮೂಗು ತುಂಬ ನತ್ತು, ಕಂಕುಳಲ್ಲಿ ಹಪ್ಪಳದ ಕಟ್ಟು. ಕಣ್ಣು ಮಂಜಲ್ಲವೇ, ಮೊಮ್ಮಗನ ಮುಖವನ್ನು ಬೆರಳಿನಲ್ಲಿ ಸವರಿ ಗುರುತು ಹಿಡಿದು, "ಸೊರಗಿದ್ದೀಯಲ್ಲೋ" ಎಂದಳು. ಭಾವನ ಹೊಟ್ಟೆ ಆಗಲೇ ಕೋಟಿನಿಂದ ಹೊರಗಿತ್ತು!

ಭಾವ ನನ್ನನ್ನು ಮುಂದಕ್ಕೆ ಎಳೆದರು. "ಅಜ್ಜೀ, ನೀನು ಬರುವಂತಾದದ್ದು ಇವನಿಂದ. ಅಂದು ಇವನು ಬಾಯಿ ಬಿಡದಿದ್ದರೆ ನಾನು ಇನ್ನೂ ಪೋರ್ಚುಗೀಸನಾಗಿಯೇ ಇರುತ್ತಿದ್ದೆ."

ತಮಾಷೆಗೆ ಹೇಳಿದರೋ, ನಂಬಿ ಹೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅಜ್ಜಿ ಹಪ್ಪಳದ ಕಟ್ಟನ್ನು ಕೆಳಗಿಟ್ಟು, ನನ್ನನ್ನು ಬಗ್ಗಿಸಿ, ಎರಡೂ ಕೈಗಳನ್ನು ತಲೆಯ ಮೇಲಿಟ್ಟಳು. "ಪುಣ್ಯ ಕಟ್ಟಿಕೊಂಡೆ ಮಗಾ" ಎಂದಳು. ಕೂಲಿಗಳು ಕೂಗುತ್ತಿದ್ದರು, ಜನ ನೂಕುತ್ತಿದ್ದರು. ಪುಣ್ಯವಲ್ಲ ಅಜ್ಜಿ, ಹೊಟ್ಟೆಯುರಿ, ಒಂದು ಗುಮಾಸ್ತಿಕೆ ತಪ್ಪಿದ ಸಿಟ್ಟು ಎಂದು ಹೇಳಬೇಕೆಂದು ಬಾಯಿ ತೆರೆದೆ. ಫೋರ್ಟಿನಲ್ಲಿ ಅಷ್ಟು ಸುಲಭವಾಗಿ ತೆರೆದ ಬಾಯಿ, ದಾದರಿನಲ್ಲಿ ಮುಚ್ಚಿಕೊಂಡುಬಿಟ್ಟಿತು.

ಅಜ್ಜಿ ಹೋದಳು, ಭಾವನೂ ಹೋದರು. ನನಗೂ ವಯಸ್ಸಾಯಿತು, ತಲೆಯಲ್ಲಿ ಒಂದು ಕೂದಲೂ ಉಳಿದಿಲ್ಲ. ಆ ಎರಡು ಕೈಗಳು ಮಾತ್ರ ಇನ್ನೂ ಅಲ್ಲೇ ಇವೆ.