ಮಗ್ಗದ ಮೇಲೆ ತೂಗಿದ ಕಾಲು

ಹಳೆಯ ಮನೆಗಳ ವಿಷಯದಲ್ಲಿ ನಾನು ತಜ್ಞ. ಹಾಗೆಂದು ಯಾರೂ ಹೇಳಿರಲಿಲ್ಲ. ಮಕ್ತಲಿನ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನಾನೇ ತೀರ್ಮಾನಿಸಿಕೊಂಡಿದ್ದೆ. ಒಂದು ಭಾನುವಾರ ಸೀರೆ ಕೊಳ್ಳಲು ನಾರಾಯಣಪೇಟೆಗೆ ಹೋದಾಗ, ಹೆಂಡತಿ ಸುಜಾತಾಳನ್ನು ಅಂಗಡಿಯ ಬದಲು ಅದರ ಹಿಂದಿನ ಓಣಿಗೆ ಕರೆದೊಯ್ದೆ.

ಅಲ್ಲಿತ್ತು ಆ ಮನೆ. ಗಚ್ಚಿನ ಗೋಡೆ, ಎರಡು ಅಂತಸ್ತು, ಮೇಲೆ ಬಣ್ಣದ ಗಾಜಿನ ಕಮಾನು ಕಿಟಕಿ. ಇಷ್ಟು ಚೆಂದದ ಕಿಟಕಿಯನ್ನು ಓಣಿಯಲ್ಲಿ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಒಳಗೆ ನೇಕಾರ ಯಲ್ಲಪ್ಪ ಮಗ್ಗದಲ್ಲಿ ಕೂತಿದ್ದ. ಬಾಗಿಲಲ್ಲಿ ಅವನ ತಾಯಿ ನೂಲು ಸುತ್ತುತ್ತಿದ್ದರು.

"ಅಮ್ಮಾ, ಮ್ಯಾಲ ಹೋಗಿ ಆ ಕಿಟಕಿ ನೋಡ್ಲೇನ್ರಿ?"

"ಕೆಳಗ ನಿಂತೇ ನೋಡ್ರಿ ಸಾರು. ಮ್ಯಾಲಿನ ನೆಲದ ಹಲಗಿಗೆ ಗೆದ್ದಲ ಹತ್ತೈತಿ."

"ಸಾಗವಾನಿ ಹಲಗಿಗೆ ಗೆದ್ದಲ ಹತ್ತಂಗಿಲ್ರಿ" ಎಂದೆ.

"ಅವರ ಮನಿ ಅವರಿಗೆ ಗೊತ್ತಿಲ್ಲೇನ್ರಿ?" ಎಂದಳು ಸುಜಾತಾ.

ಅಷ್ಟರಲ್ಲಿ ನಾನು ಮೆಟ್ಟಿಲು ಹತ್ತಿಯಾಗಿತ್ತು. ಮೇಲೆ ನಾಲ್ಕನೆಯ ಹೆಜ್ಜೆಗೆ ಹಲಗೆ ಲಟಕ್ಕೆಂದಿತು. ಬಲಗಾಲು ತೊಡೆಯವರೆಗೆ ಕೆಳಮನೆಗೆ ಇಳಿಯಿತು. ಉಳಿದ ನಾನು ಮೇಲೆಯೇ ಉಳಿದೆ.

ಕೆಳಗಿನಿಂದ ಯಲ್ಲಪ್ಪ ಕೂಗಿದ. "ಸಾರು, ಅಲುಗಾಡಬ್ಯಾಡ್ರಿ. ಕೆಳಗ ಮಗ್ಗ ಐತಿ. ನೀವು ಬಿದ್ರ ಸೀರಿ ಹೋಗ್ತೈತಿ, ಹದಿನೈದು ದಿನದ ಕೆಲಸ."

ನನ್ನ ಬಗ್ಗೆ ಅವನು ಏನೂ ಹೇಳಲಿಲ್ಲ. ಆದರೆ ಪಕ್ಕದ ಹಲಗೆಯೂ ಕರಕರ ಎನ್ನತೊಡಗಿತ್ತು. ಉಸಿರು ಬಿಟ್ಟರೆ ಭಾರ ಹೆಚ್ಚಾದೀತೆಂದು ಉಸಿರು ಹಿಡಿದೆ.  ಹಲಗೆಗೆ ಊರಿದ್ದ ಅಂಗೈ ಜಾರತೊಡಗಿತು.

"ಏನ ಹಿಡ್ಕೊಂಡೀರಿ?" ಯಲ್ಲಪ್ಪನ ತಾಯಿ ಕೊಟ್ಟ ಬಾವಿಯ ಹಗ್ಗ ಹಿಡಿದು ಮೆಟ್ಟಿಲ ಮೇಲಿಂದ ಸುಜಾತಾ ಕೂಗಿದಳು.

"ದೇವರನ್ನ."

"ಅವನ್ನ ಬಿಟ್ಟು ಈ ಹಗ್ಗ ಹಿಡೀರಿ. ಹೊಟ್ಟಿ ಮ್ಯಾಲ ಮಲಕೊಳ್ರಿ."

 ಯಲ್ಲಪ್ಪ ಕೆಳಗಿನಿಂದ ನನ್ನ ಪಾದವನ್ನು ಎರಡೂ ಕೈಯಿಂದ ಮೇಲಕ್ಕೆ ನೂಕಿದ. ಸುಜಾತಾ ಹಗ್ಗ ಎಳೆದಳು. ತಜ್ಞನು ಹಲ್ಲಿಯಂತೆ ತೆವಳಿ ಮೆಟ್ಟಿಲು ಸೇರಿದ. ಕಿಟಕಿ ಮೂರು ಮೊಳ ದೂರದಲ್ಲಿತ್ತು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಸೀರೆಗೆ ಏನೂ ಆಗಲಿಲ್ಲ. ಪ್ಯಾಂಟಿನ ಬಗ್ಗೆ ಹೇಳುವುದಿಲ್ಲ.

ಮುಂದಿನ ಭಾನುವಾರ ಬಡಿಗನನ್ನು ಕರೆದುಕೊಂಡು ತಲೆ ತಗ್ಗಿಸಿ ಹೋದೆ. ಯಲ್ಲಪ್ಪನ ತಾಯಿ ಅವನನ್ನು ತಡೆದರು.

"ಆ ತೂತು ಹಂಗ ಇರ್ಲಿ ಬಿಡ್ರಿ. ಸುತ್ತ ಹಲಗಿ ಬಿಗಿ ಮಾಡ್ರಿ, ಸಾಕು. ಈಗ ಆ ಕಿಟಕಿ ಬೆಳಕ ಮಗ್ಗದ ಮ್ಯಾಲ ಚಲೋ ಬೀಳ್ತೈತಿ."

ಹಳೆಯ ಕಟ್ಟಡಗಳಿಗೆ ನಾನು ಈವರೆಗೆ ಸಲ್ಲಿಸಿರುವ ಸೇವೆ ಅದೊಂದೇ. ಅದೂ ತೊಡೆಯ ಅಳತೆಯದು.