ಅಲ್ಲಾಡಿಸಿ ತಂದ ಲ್ಯಾಪ್‌ಟಾಪ್

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಎಂದು ನಾನು ಹೇಳಿಬಿಡುತ್ತೇನೆ. ನೀರು ಕುಲುಕಿದರೆ ಇನ್ನೂ ಹಸಿ, ಅಟ್ಟದ ಮೇಲೆ ಮತ್ತಷ್ಟು ದಿನ ಒಣಗಬೇಕು. ಒಳಗಿನ ಉಂಡೆ ಚಿಪ್ಪು ಬಿಟ್ಟು ಲೊಟಲೊಟ ಎಂದರೆ ಕೊಬ್ಬರಿ ಸಿದ್ಧ. ಈ ವಿಷಯದಲ್ಲಿ ಹೊನ್ನವಳ್ಳಿಯಲ್ಲಿ ನನ್ನ ಮಾತಿಗೆ ಎದುರಿಲ್ಲ. ಇಂಥ ಕಿವಿ ಪಡೆದವನಿಗೆ ಒಂದು ಲ್ಯಾಪ್‌ಟಾಪ್ ಆರಿಸುವುದು ಯಾವ ಮಹಾ ಕೆಲಸ!

ಲ್ಯಾಪ್‌ಟಾಪ್ ಬೇಕಾಗಿದ್ದು ನನಗಲ್ಲ, ನನ್ನ ಹೆಂಡತಿ ಗಿರಿಜಾಗೆ. ಅವಳು ತಿಪಟೂರಿನ ಡಿಟಿಪಿ ಅಂಗಡಿಯೊಂದರಲ್ಲಿ ಮದುವೆ ಪತ್ರಿಕೆ ಟೈಪ್ ಮಾಡುತ್ತಿದ್ದಳು. ದಿನವೂ ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುವುದು ಸಾಕಾಗಿ, ಮನೆಯಲ್ಲೇ ಆ ಕೆಲಸ ಶುರುಮಾಡುವ ಹಟಕ್ಕೆ ಬಿದ್ದಿದ್ದಳು. ಪಕ್ಕದ ಮನೆ ರಂಗಸ್ವಾಮಿಯ ಮಗಳ ಮದುವೆ ಪತ್ರಿಕೆಯೇ ಮೊದಲ ಆರ್ಡರ್. ಅದು ಚೆನ್ನಾಗಿ ಬಂದರೆ ಊರಿನ ಪತ್ರಿಕೆಗಳೆಲ್ಲ ನಮ್ಮ ಮನೆಗೆ. ಕೆಟ್ಟರೆ ಮತ್ತೆ ಅದೇ ಬಸ್ಸು, ಅದೇ ಕಂಬಿ.

ಲ್ಯಾಪ್‌ಟಾಪ್ ತರಲು ತುಮಕೂರಿಗೆ ಹೋಗಬೇಕಾದ ದಿನ ಅವಳಿಗೆ ರಜೆ ಸಿಗಲಿಲ್ಲ. ಹೊಸಿಲಲ್ಲೇ ನಿಲ್ಲಿಸಿಕೊಂಡು ಪಾಠ ಹೇಳಿದಳು.

“ರೀ, ನಮ್ಮ ದುಡ್ಡಿಗೆ ಎರಡೂ ಬರಲ್ಲ. ಸ್ಕ್ರೀನ್ ದೊಡ್ಡದಾದ್ರೆ ಪ್ರೊಸೆಸರ್ ನಿಧಾನ, ಪ್ರೊಸೆಸರ್ ಚುರುಕಾದ್ರೆ ಸ್ಕ್ರೀನ್ ಚಿಕ್ಕದು. ಪ್ರೊಸೆಸರ್ ಅಂದ್ರೆ ಮಿದುಳಿದ್ದಂಗೆ. ಡ್ಯುಯಲ್ ಕೋರ್, ಅಂದ್ರೆ ಎರಡು ಮಿದುಳು ಇರೋದೇ ತನ್ನಿ. ಸ್ಕ್ರೀನ್ ಚಿಕ್ಕದಾದ್ರೂ ನಾನು ಹೆಂಗೋ ಸುಧಾರಿಸ್ಕತೀನಿ.”

“ನನಗೇ ಹೇಳಿಕೊಡ್ತೀಯೇನೇ? ಆರಿಸೋದು ನನ್ನ ಕಸುಬು ಕಣೇ!” ಎಂದು ಹೊರಟೆ. ಜೊತೆಗೆ ರಂಗಸ್ವಾಮಿಯೂ ಬಂದ. ಅವನ ಮಗಳ ಪತ್ರಿಕೆ ಅಲ್ಲವೇ!

ಅಂಗಡಿಯ ಮಾಲೀಕರು ಎರಡು ಲ್ಯಾಪ್‌ಟಾಪ್ ತಂದು ಮುಂದಿಟ್ಟರು. “ಸಾರ್, ಇದು ಹದಿನಾಲ್ಕು ಇಂಚು, ಡ್ಯುಯಲ್ ಕೋರ್. ಅದು ಹದಿನೇಳು ಇಂಚು, ಆದ್ರೆ ಪ್ರೊಸೆಸರ್ ಸ್ವಲ್ಪ ಹಳೇದು. ಎರಡಕ್ಕೂ ಬೆಲೆ ಒಂದೇ.”

ನಾನು ಶಾಸ್ತ್ರೋಕ್ತವಾಗಿ ಪರೀಕ್ಷೆಗೆ ತೊಡಗಿದೆ. ಚಿಕ್ಕದನ್ನೆತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದೇ ಇಲ್ಲ.

“ಸಾರ್! ಸಾರ್! ಏನ್ಮಾಡ್ತಿದ್ದೀರಾ?” ಎಂದು ಮಾಲೀಕರು ಕುರ್ಚಿಯಿಂದ ಎದ್ದರು.

ದೊಡ್ಡದನ್ನು ಅಲ್ಲಾಡಿಸಿದೆ. ಲೊಟಲೊಟ!

ರಂಗಸ್ವಾಮಿಯ ಮುಖ ಅರಳಿತು. “ಆಗೈತೆ ಕಣ್ಲಾ ಶಿವಣ್ಣ! ಇದನ್ನೇ ತಗೋ.”

“ಅಯ್ಯೋ, ಅದು ಶೋಗೆ ಇಟ್ಟಿರೋ ಪೀಸು ಸಾರ್. ಒಂದ್ಸಲ ಕೆಳಗೆ ಬಿದ್ದಿತ್ತು, ಒಳಗೆ ಸ್ಕ್ರೂ ಬಿಚ್ಚಿರಬೇಕು. ಅದೇ ಬೇಕಂದ್ರೆ ಹೊಸದು ಕೊಡ್ತೀನಿ ಇರಿ” ಎಂದು ಮಾಲೀಕರು ಒಳಗಿನಿಂದ ಅಂಥದೇ ಇನ್ನೊಂದನ್ನು ತಂದರು. ಅದನ್ನೂ ಅಲ್ಲಾಡಿಸಿದೆ. ಮೌನ!

ವ್ಯಾಪಾರಿಗಳ ಈ ಆಟ ನಾನು ಕಾಣದ್ದೇ? ಒಣಗಿದ ಮಾಲು ತೋರಿಸಿ ಹಸಿ ಮಾಲು ಕಟ್ಟಿಕೊಡುವುದು! ನಾನು ಆ ಲೊಟಲೊಟ ಪೀಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಿಡಲೇ ಇಲ್ಲ. ಮಾಲೀಕರು ಎಷ್ಟೋ ಹೇಳಿ ನೋಡಿದರು. ಕೊನೆಗೆ “ಆಮೇಲೆ ನನ್ನ ಅನ್ಬೇಡಿ ಸಾರ್” ಎಂದು ಕೈಮುಗಿದರು. ಸೋತು ಕೈಮುಗಿದರೆಂದು ನಾನು ಬೀಗಿದೆ.

ಅಷ್ಟಗಲದ ಯಂತ್ರಕ್ಕೆ ಅಂಗಡಿಯಲ್ಲಿದ್ದ ಯಾವ ಬ್ಯಾಗೂ ಸಾಲಲಿಲ್ಲ. ರಂಗಸ್ವಾಮಿ ಎಲ್ಲಿಂದಲೋ ಒಂದು ಗೋಣಿಚೀಲ ಹೊಂದಿಸಿದ. ಬಸ್ಸು ಹತ್ತುತ್ತಲೇ ಕಂಡಕ್ಟರ್, “ಯಜಮಾನ್ರೇ, ಕೊಬ್ಬರಿ ಚೀಲ ಟಾಪ್ ಮೇಲಕ್ಕೆ ಹಾಕ್ರೀ” ಎಂದ. “ಕೊಬ್ಬರಿ ಅಲ್ಲ ಕಣಪ್ಪ, ಕಂಪ್ಯೂಟರು!” ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡೆ. ರಸ್ತೆಯ ಗುಂಡಿ ಬಂದಾಗಲೆಲ್ಲ ಒಳಗೆ ಲೊಟಲೊಟ. ಆ ಸದ್ದು ಕೇಳಿ ದಾರಿಯುದ್ದಕ್ಕೂ ನನಗೆ ಆನಂದವೋ ಆನಂದ!

ಗಿರಿಜಾ ಚೀಲ ಬಿಚ್ಚಿ ನೋಡಿದಳು. ಅದರ ಅಗಲ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಪತ್ರಿಕೆಯ ಕೆಲಸಕ್ಕೆ ಕೂತಳು. ರಂಗಸ್ವಾಮಿಯೂ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಕೂತ. ಮೊದಲು ಗಣಪತಿಯ ಚಿತ್ರ ಬರಬೇಕಿತ್ತು. ನಾನು ಕಾಫಿಗೆ ಹಾಲಿಟ್ಟಾಗ ಕಿರೀಟ ಕಾಣಿಸಿತು. ಕಾಫಿ ಕುಡಿದು ಲೋಟ ತೊಳೆದಿಡುವಾಗ ಸೊಂಡಿಲು ಶುರುವಾಗಿತ್ತು.

“ಹೊಟ್ಟೆ ಯಾವಾಗ ಬತ್ತದೆ ತಾಯಿ?” ಎಂದು ರಂಗಸ್ವಾಮಿ ಭಕ್ತಿಯಿಂದ ಕೇಳಿದ.

ಹೊಟ್ಟೆ ಬರಲೇ ಇಲ್ಲ. ಅವನಿಗೆ ಸರಿಯಾಗಿ ಕಾಣಲೆಂದು ನಾನು ಲ್ಯಾಪ್‌ಟಾಪನ್ನು ಆ ಕಡೆ ವಾಲಿಸಿದೆ ನೋಡಿ, ಒಳಗೆ ಏನೋ ಉರುಳಿತು. ಚಟ್ ಎಂದಿತು. ಗಣಪತಿ ಅರ್ಧಕ್ಕೇ ಅಂತರ್ಧಾನನಾದ. ಗಾಬರಿಯಲ್ಲಿ ಎತ್ತಿ ಅಲ್ಲಾಡಿಸಿದೆ. ಈಗ ಸದ್ದೂ ಇಲ್ಲ!

“ಅದ್ಯಾಕ್ರೀ ಅಲ್ಲಾಡಿಸ್ತೀರಾ?”

ನಾನು ಅದನ್ನು ಮೆಲ್ಲಗೆ ಕೆಳಗಿಟ್ಟೆ. ರಂಗಸ್ವಾಮಿ ಬಾಯಿ ಬಿಟ್ಟ. “ಅಂಗಡೀಲೂ ಹಿಂಗೇ ಅಲ್ಲಾಡ್ಸೇ ಆರಿಸಿದ್ದು ಕಣವ್ವ. ಸದ್ದು ಚೆನ್ನಾಗಿತ್ತು.”

ಗಿರಿಜಾಳ ಕಣ್ಣಲ್ಲಿ ನೀರು ಬಂತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮರುಕ್ಷಣವೇ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಆ ನೀರು ನಗು ತಡೆದದ್ದಕ್ಕೆ ಬಂದದ್ದು! ಅವಳು ಅತ್ತಿದ್ದರೇ ನನಗೆ ಕೊಂಚ ಮರ್ಯಾದೆ ಉಳಿಯುತ್ತಿತ್ತು.

ಮಾರನೆಯ ದಿನ ಅವಳೇ ರಜೆ ಹಾಕಿ, ಅದೇ ಗೋಣಿಚೀಲ ಹೊತ್ತು ತುಮಕೂರಿಗೆ ಹೋದಳು. ಮಾಲೀಕರು ಒಳ್ಳೆಯವರು, ಒಂದಿಷ್ಟು ದುಡ್ಡು ಹಿಡಿದುಕೊಂಡು ಆ ಸದ್ದಿಲ್ಲದ ಹದಿನಾಲ್ಕು ಇಂಚಿನದನ್ನೇ ಕೊಟ್ಟರಂತೆ. ಅದರಲ್ಲಿ ಗಣಪತಿ ಕಿರೀಟ, ಸೊಂಡಿಲು, ಹೊಟ್ಟೆ, ಇಲಿ ಸಮೇತ ಒಟ್ಟಿಗೇ ಬಂದ. ಪತ್ರಿಕೆ ಹೊತ್ತಿಗೆ ಸರಿಯಾಗಿ ಸಿದ್ಧವಾಯಿತು, ಮದುವೆಯೂ ಆಯಿತು. ಬೀಗರ ಕಡೆಯವರೂ ಪತ್ರಿಕೆ ಮಾಡಿಸಲು ನಮ್ಮ ಮನೆ ಹುಡುಕಿಕೊಂಡು ಬಂದರು. ಗಿರಿಜಾ ಬಸ್ಸಿನ ಕಂಬಿ ಬಿಟ್ಟಳು.

ಮೊನ್ನೆ ರಂಗಸ್ವಾಮಿ ಮತ್ತೆ ಬಂದ. “ಲೇ ಶಿವಣ್ಣ, ಮಗಳು ಲ್ಯಾಪ್‌ಟಾಪ್ ಬೇಕು ಅಂತವಳೆ. ನಾಳೆ ತುಮಕೂರಿಗೆ ನೀನೂ ಬರ್ಬೇಕು ಕಣ್ಲಾ, ನೀನಿಲ್ದೆ ಆಗಲ್ಲ.”

ಒಳಗೆ ಟೈಪ್ ಮಾಡುತ್ತಿದ್ದ ಗಿರಿಜಾಗೆ ಕೇಳಲೆಂದು ನಾನು ದನಿ ಏರಿಸಿದೆ. “ನೋಡ್ದೇನೇ? ಇಷ್ಟಾದ್ರೂ ಆರಿಸೋಕೆ ನಾನೇ ಬೇಕು!”

“ಊಂ ಕಣ್ಲಾ” ಎಂದ ರಂಗಸ್ವಾಮಿ. “ನೀನು ಯಾವ್ದು ಚೆನ್ನಾಗೈತೆ ಅಂತೀಯೋ ಅದನ್ನ ಬುಟ್ಟು ಇನ್ನೊಂದು ತಗಂಡ್ರೆ ಆಯ್ತು.”

ಒಳಗೆ ಟೈಪಿಂಗ್ ಸದ್ದು ನಿಂತಿತು. ನಾನು ನಾಳೆಗೆಂದು ಅಂಗಿಗೆ ಇಸ್ತ್ರಿ ಹಾಕತೊಡಗಿದೆ.